ಐದು ವೋಲ್ಟಿನ ನಿಷ್ಠೆ

ಗಣಕಯಂತ್ರವೊಂದನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ವಿಚಾರಿಸುವುದು ಪ್ರೊಸೆಸರಿನ ವೇಗವೆಷ್ಟು, ಮೆಮೊರಿ ಎಷ್ಟು, ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಸ್ಥಳವಿದೆ ಎಂಬ ಮೂರು ಸಂಗತಿಗಳನ್ನು. ಆ ಮೂರಕ್ಕೂ ಚೈತನ್ಯವನ್ನೀಯುವ, ಕ್ಯಾಬಿನೆಟ್ಟಿನ ಹಿಂಬದಿಯ ಮೂಲೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಅಡಗಿರುವ, ನಮ್ಮ ಅಂಗಡಿಬೀದಿಗಳಲ್ಲಿ ಎಲ್ಲರೂ ಎಸ್‌ಎಂಪಿಎಸ್ ಎಂದೇ ಕರೆಯುವ ವಿದ್ಯುತ್ ಘಟಕವನ್ನು ಕುರಿತು ಒಂದು ಪ್ರಶ್ನೆಯನ್ನಾದರೂ ಕೇಳಿದವರು ವಿರಳ. ಅದು ಕ್ಯಾಬಿನೆಟ್ಟಿನ ಜೊತೆಗೇ ಬರುವ ವಸ್ತು. ಅದನ್ನು ಆರಿಸಬೇಕೆಂಬ ಭಾವನೆಯೇ ಯಾರಿಗೂ ಬರುವುದಿಲ್ಲ. 2002ರ ಸುಮಾರಿನಲ್ಲಿ ಎರಡು ಪ್ರೊಸೆಸರುಗಳ ಒಂದು ಯಂತ್ರವನ್ನು ಕಟ್ಟಿ ನಿಲ್ಲಿಸುವ ಕಾರ್ಯದಲ್ಲಿ ನಾನು ತೊಡಗಿದ್ದಾಗ, ಆ ತಗಡಿನ ಪೆಟ್ಟಿಗೆಯನ್ನು ಆರಿಸುವುದೇ ಇಡೀ ಕಾರ್ಯದ ಅತ್ಯಂತ ಗಂಭೀರವಾದ ಭಾಗವೆಂಬುದು ಕ್ರಮಕ್ರಮವಾಗಿ ತಿಳಿದುಬಂತು. ಆ ಶೋಧದಲ್ಲಿ ಕಲಿತದ್ದನ್ನು ಇಲ್ಲಿ ಸಾವಕಾಶವಾಗಿ ನೆನೆಯುತ್ತಿದ್ದೇನೆ.

ಆಗ ನಾನು ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಅಧ್ಯಾಪಕನಾಗಿದ್ದೆ. ಮಣ್ಣಿನ ಏರಿಗಳಲ್ಲಿ ನೀರು ಜಿನುಗುವ ಬಗೆ ನನ್ನ ಅಧ್ಯಯನದ ವಿಷಯವಾಗಿತ್ತು. ನಮ್ಮ ನಾಡಿನ ಸಾವಿರಾರು ಕೆರೆಗಳ ಏರಿಗಳು ಮಣ್ಣಿನವೇ ಅಷ್ಟೆ. ತುಂಬಿದ ಕೆರೆಯ ನೀರು ಏರಿಯ ಒಡಲೊಳಗೆ ಎಷ್ಟು ಎತ್ತರದವರೆಗೆ ಹಬ್ಬಿ ನಿಲ್ಲುತ್ತದೆ, ತೂಬನ್ನು ತೆರೆದು ನೀರಿನ ಮಟ್ಟ ಬೇಗನೆ ಇಳಿದಾಗ, ನೀರು ಕುಡಿದು ಭಾರವಾಗಿರುವ ಒಳಮೈಯ ಮಣ್ಣು ಎದುರಿನ ಆಸರೆ ತಪ್ಪಿ ಜಾರುವ ಸಂಭವವೆಷ್ಟು ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ಉತ್ತರ ಕಾಣಬೇಕಾದರೆ, ಏರಿಯ ಅಡ್ಡಕೊಯ್ತವನ್ನು ಸಹಸ್ರಾರು ಸಣ್ಣ ತ್ರಿಕೋಣಗಳಾಗಿ ವಿಭಾಗಿಸಿ, ಒಂದೊಂದರ ಮೂಲೆಯಲ್ಲಿಯೂ ನೀರಿನ ಒತ್ತಡವನ್ನು ಅಜ್ಞಾತರಾಶಿಯಾಗಿಟ್ಟು, ಹುಟ್ಟುವ ಸಮೀಕರಣಗಳ ಮಹಾರಾಶಿಯನ್ನು ಮತ್ತೆ ಮತ್ತೆ ಬಿಡಿಸಬೇಕಾಗುತ್ತದೆ. ಒದ್ದೆ ಮಣ್ಣಿಗೂ ಒಣ ಮಣ್ಣಿಗೂ ನಡುವಣ ಗೆರೆ ಎಲ್ಲಿದೆಯೆಂಬುದೇ ಮೊದಲು ತಿಳಿದಿರುವುದಿಲ್ಲವಾದ್ದರಿಂದ, ಊಹಿಸಿ, ಬಿಡಿಸಿ, ತಿದ್ದಿ, ಪುನಃ ಬಿಡಿಸುವ ಈ ಕ್ರಮ ಹಗಲೂ ರಾತ್ರಿಯೂ ಎಡೆಬಿಡದೆ ನಡೆಯಬೇಕು. ಒಂದು ಕೆರೆಗೆ ಒಂದು ಲೆಕ್ಕ ಸಾಲದು; ಮಣ್ಣಿನ ಗುಣವನ್ನು ಬೇರೆ ಬೇರೆಯಾಗಿ ಭಾವಿಸಿ ಹಲವು ಲೆಕ್ಕಗಳನ್ನು ಮಾಡಿದಲ್ಲದೆ ಏರಿಯ ಭದ್ರತೆಯ ಮಾತನ್ನು ಆಡುವಂತಿಲ್ಲ.

ಎರಡು ಪ್ರೊಸೆಸರುಗಳ ಆಸೆ ಹುಟ್ಟಿದ್ದು ಈ ಅಗತ್ಯದಿಂದಲೇ. ಒಂದು ಪ್ರೊಸೆಸರಿನಲ್ಲಿ ಒಂದು ಪ್ರಕರಣವೂ ಮತ್ತೊಂದರಲ್ಲಿ ಇನ್ನೊಂದು ಪ್ರಕರಣವೂ ಏಕಕಾಲದಲ್ಲಿ ನಡೆದರೆ ಅರ್ಧ ಕಾಲ ಉಳಿಯಿತೆಂದೇ ಅರ್ಥ. ಆವರೆಗೆ ಅಂಥ ಯಂತ್ರಗಳು ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದವು; 2001ರ ಜೂನ್ ತಿಂಗಳಲ್ಲಿ ಎಎಂಡಿ ಕಂಪನಿಯವರು ಅಥ್ಲಾನ್ ಎಂಪಿ ಎಂಬ ಪ್ರೊಸೆಸರನ್ನೂ, ಜೋಡಿ ಪ್ರೊಸೆಸರುಗಳನ್ನು ಒಂದೇ ಮದರ್‌ಬೋರ್ಡಿನಲ್ಲಿ ಕೂಡಿಸುವ 760ಎಂಪಿ ಚಿಪ್‌ಸೆಟ್ಟನ್ನೂ ಹೊರತಂದ ಮೇಲೆ ಅದು ಸಾಧಾರಣ ಅಧ್ಯಾಪಕನ ಕೈಗೂ ಎಟುಕುವ ಸಂಗತಿಯಾಯಿತು. ಟಯಾನ್ ಕಂಪನಿಯವರ ಎರಡು ಬೋರ್ಡುಗಳು ಆಗ ಪ್ರಸಿದ್ಧವಾಗಿದ್ದವು. ಥಂಡರ್ ಕೆ7 ಎಂಬುದಕ್ಕೆ ತನ್ನದೇ ಆದ ಬಗೆಯ 460 ವ್ಯಾಟಿನ ವಿಶೇಷ ಎಸ್‌ಎಂಪಿಎಸ್ ಬೇಕಾಗಿತ್ತು. ಟೈಗರ್ ಎಂಪಿ ಎಂಬುದಾದರೋ ಯಾವ ಅಂಗಡಿಯಲ್ಲಿಯೂ ದೊರೆಯುವ ಎಟಿಎಕ್ಸ್ ಮಾದರಿಯ ಎಸ್‌ಎಂಪಿಎಸ್‌ನಿಂದಲೇ ನಡೆಯುವಂತೆ ರಚಿತವಾಗಿತ್ತು. ಅಗ್ಗವೂ ಸುಲಭವೂ ಆದ ಟೈಗರ್ ಎಂಪಿಯೇ ನಮ್ಮ ಪ್ರಯೋಗಶಾಲೆಗೆ ಬಂತು.

ಕಾಲೇಜಿನ ಖರೀದಿಗೆ ಒಂದು ನಿಯಮವುಂಟು: ಮೂರು ಕೊಟೇಶನ್ ತರಿಸಬೇಕು, ಕನಿಷ್ಠ ದರದವರಿಂದ ಕೊಳ್ಳಬೇಕು. ಪ್ರೊಸೆಸರ್, ಬೋರ್ಡು, ಮೆಮೊರಿಗಳ ಹೆಸರನ್ನು ನಾನು ಸ್ಪಷ್ಟವಾಗಿ ಬರೆದುಕೊಟ್ಟಿದ್ದೆ. ಕ್ಯಾಬಿನೆಟ್ಟಿನ ಸಾಲಿನಲ್ಲಿ ಕಚೇರಿಯವರು ವಾಡಿಕೆಯಂತೆ ‘ಎಸ್‌ಎಂಪಿಎಸ್ ಸಹಿತ’ ಎಂಬಷ್ಟನ್ನೇ ನಮೂದಿಸಿದರು. ಬಂದ ಪೆಟ್ಟಿಗೆಯ ಚೀಟಿಯ ಮೇಲೆ 400 ವ್ಯಾಟ್ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಯಂತ್ರ ಜೋಡಣೆಯಾಯಿತು, ಲಿನಕ್ಸ್ ಸ್ಥಾಪಿತವಾಯಿತು, ಎರಡು ಪ್ರೊಸೆಸರುಗಳೂ ಪರದೆಯ ಮೇಲೆ ತಮ್ಮ ಹೆಸರು ಹೇಳಿಕೊಂಡವು. ಪತ್ರ ಬರೆಯುವುದಕ್ಕೂ ಚಿತ್ರ ತೆಗೆಯುವುದಕ್ಕೂ ಅದು ನಿರ್ದುಷ್ಟವಾದ ಯಂತ್ರ. ಆದರೆ ಎರಡೂ ಪ್ರೊಸೆಸರುಗಳಿಗೆ ಪೂರ್ಣವಾದ ಲೆಕ್ಕವನ್ನು ಒಪ್ಪಿಸಿ ರಾತ್ರಿ ಬೀಗ ಹಾಕಿ ಹೋದರೆ, ಬೆಳಗಾಗುವಷ್ಟರಲ್ಲಿ ಅದು ತಾನೇ ತಾನಾಗಿ ನಿಂತು ಮತ್ತೆ ಮೊದಲಾಗಿರುತ್ತಿತ್ತು.

ಯಂತ್ರ ನಿಂತುಹೋಗುವುದು ಒಂದು ಕಷ್ಟ, ಅದನ್ನು ಸಹಿಸಬಹುದು. ನನ್ನನ್ನು ನಿಜವಾಗಿ ಕಲಕಿದ್ದು ಇನ್ನೊಂದು ಸಂಗತಿ. ನಿಲ್ಲದೆ ಕೊನೆಮುಟ್ಟಿದ ಲೆಕ್ಕವೊಂದನ್ನು, ಅದೇ ಅಂಕಿಗಳನ್ನು ಕೊಟ್ಟು, ಪುನಃ ನಡೆಸಿ ನೋಡಿದಾಗ ಉತ್ತರ ಬೇರೆಯಾಗಿ ಬಂತು. ವ್ಯತ್ಯಾಸ ಬಹಳವಿರಲಿಲ್ಲ, ಏರಿಯ ಕೆಳಬದಿಯ ಕೆಲವು ಮೂಲೆಗಳ ಒತ್ತಡದಲ್ಲಿ ಮಾತ್ರ ತೋರುವಷ್ಟಿತ್ತು. ಆದರೆ ಗಣಿತದಲ್ಲಿ ಒಂದೇ ಪ್ರಶ್ನೆಗೆ ಒಂದೇ ಯಂತ್ರ ಎರಡು ಉತ್ತರ ಕೊಡುವುದೆಂದರೇನು? ಬೋರ್ಡಿನ ಮೆಮೊರಿ ಒಂದು ಅಂಕ ತಪ್ಪಿದರೆ ತಾನೇ ತಿದ್ದಿಕೊಳ್ಳುವ ಜಾತಿಯದು. ಪ್ರೊಸೆಸರಿನ ಒಡಲೊಳಗೆ ಆಗುವ ಸ್ಖಲನಕ್ಕಾದರೋ ಅಂಥ ಕಾವಲಿರಲಿಲ್ಲ. ನಿಂತುಹೋಗುವ ಯಂತ್ರ ತನ್ನ ಅಶಕ್ತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ನಿಲ್ಲದೆ ಸುಳ್ಳು ಹೇಳುವ ಯಂತ್ರ ಅದಕ್ಕಿಂತ ಎಷ್ಟೋ ಪಾಲು ಅಪಾಯಕಾರಿ.

ನಮ್ಮ ವಿದ್ಯುತ್ ವಿಭಾಗದಲ್ಲಿ ನಿವೃತ್ತಿಗೆ ಸಮೀಪಿಸಿದ ಹಿರಿಯ ಅಧ್ಯಾಪಕರೊಬ್ಬರಿದ್ದರು. ಮಿತಭಾಷಿಗಳು, ಆದರೆ ಅಳೆಯದೆ ಯಾವ ಮಾತನ್ನೂ ಆಡದವರು. ಅವರಿಗೆ ಈ ವೃತ್ತಾಂತವನ್ನು ಅರುಹಿದಾಗ, ಮೆಮೊರಿಯನ್ನಾಗಲಿ ಪ್ರೋಗ್ರಾಮನ್ನಾಗಲಿ ಶಂಕಿಸದೆ, ಮಲ್ಟಿಮೀಟರನ್ನು ಕೈಗೆತ್ತಿಕೊಂಡು ನನ್ನ ಕೊಠಡಿಗೆ ಬಂದರು. ಮೊದಲು ಯಂತ್ರ ಸುಮ್ಮನಿದ್ದಾಗ ಡಿಸ್ಕಿನ ಪ್ಲಗ್ಗಿನ ಕೆಂಪು ತಂತಿಯನ್ನು ಅಳೆದರು: 5.02 ವೋಲ್ಟ್. ಹಳದಿ ತಂತಿಯನ್ನು ಅಳೆದರು: 12.1. ಎರಡೂ ಸಾಧುವಾದ ಅಂಕಿಗಳೇ. ‘ಈಗ ಎರಡಕ್ಕೂ ಪೂರ್ತಿ ಕೆಲಸ ಕೊಡಿ ರಾಯರೆ’ ಎಂದರು. ಕೊಟ್ಟೆ. ಕೆಂಪು ತಂತಿಯ ಅಂಕಿ ಇಳಿಯುತ್ತ ಇಳಿಯುತ್ತ 4.78ಕ್ಕೆ ನಿಂತಿತು. ಮೀಟರಿನ ಸೂಜಿಯನ್ನು ಬೋರ್ಡಿಗೆ ಸೇರುವ 20 ಕಡ್ಡಿಗಳ ದೊಡ್ಡ ಕನೆಕ್ಟರಿನ ಬೆನ್ನಿನಿಂದ ಒಳಕ್ಕೆ ತೂರಿಸಿ ಅಲ್ಲಿಯೂ ಅಳೆದರು: 4.70. ಅದೇ ಹೊತ್ತಿನಲ್ಲಿ ಹಳದಿ ತಂತಿ 12.7ಕ್ಕೆ ಏರಿತ್ತು.

ಆ ಮೂರು ಅಂಕಿಗಳಲ್ಲಿ ಇಡೀ ರೋಗದ ನಿದಾನವಿತ್ತು. ಎಟಿಎಕ್ಸ್ ನಿಯಮದ ಪ್ರಕಾರ 5 ವೋಲ್ಟೂ 12 ವೋಲ್ಟೂ ನೂರಕ್ಕೆ 5ರಷ್ಟು ಮಾತ್ರ ಆಚೀಚೆ ಸರಿಯಬಹುದು. ಎಂದರೆ ಮೊದಲನೆಯದು 4.75ಕ್ಕಿಂತ ಕೆಳಗಿಳಿಯಕೂಡದು, ಎರಡನೆಯದು 12.6ನ್ನು ಮೀರಕೂಡದು. ನಮ್ಮ ಪೆಟ್ಟಿಗೆ ಒಂದರಲ್ಲಿ ಕೆಳಗೂ ಇನ್ನೊಂದರಲ್ಲಿ ಮೇಲಕ್ಕೂ ಎಲ್ಲೆ ದಾಟಿತ್ತು. ಹೀಗೇಕೆಂದು ಕೇಳಲಾಗಿ ಅವರು ವಿವರಿಸಿದರು: ಇಂಥ ಪೆಟ್ಟಿಗೆಗಳಲ್ಲಿ 5 ವೋಲ್ಟಿಗೂ 12 ವೋಲ್ಟಿಗೂ ಬೇರೆ ಬೇರೆ ನಿಯಂತ್ರಣವಿಲ್ಲ, ಎರಡೂ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹೊರಟು ಒಂದೇ ಸುರುಳಿಯನ್ನು ಹಾಯ್ದು ಬರುತ್ತವೆ, ನಿಯಂತ್ರಕವು ಎರಡರ ಸರಾಸರಿಯನ್ನು ಕಾಯುತ್ತದೆ. ಐದರ ಮೇಲೆ ಭಾರ ಬಿದ್ದು ಅದು ಕುಗ್ಗಿದಾಗ ನಿಯಂತ್ರಕ ಎರಡನ್ನೂ ಮೇಲಕ್ಕೆತ್ತಲು ಯತ್ನಿಸುತ್ತದೆ. ಭಾರವಿಲ್ಲದ ಹನ್ನೆರಡು ಸುಮ್ಮಸುಮ್ಮನೆ ಏರುತ್ತದೆ, ಭಾರ ಹೊತ್ತ ಐದು ಅಲ್ಲೇ ಉಳಿಯುತ್ತದೆ.

‘ಹಾಗಾದರೆ 400 ವ್ಯಾಟ್ ಎಂದು ಬರೆದಿದ್ದಾರಲ್ಲ?’ ಎಂದು ಕೇಳಿದೆ. ‘ಒಟ್ಟು ಮೊತ್ತ ನೋಡಬೇಡಿ ರಾಯರೆ, ಬಾಬ್ತುವಾರು ಲೆಕ್ಕ ನೋಡಿ’ ಎಂದು ಚೀಟಿಯ ಕೆಳಭಾಗದ ಸಣ್ಣಕ್ಷರಗಳನ್ನು ತೋರಿಸಿದರು. ಅಂದಿನಿಂದ ಇಂದಿನವರೆಗೆ ಯಾವ ಎಸ್‌ಎಂಪಿಎಸ್ ಕೈಗೆ ಬಂದರೂ ನಾನು ಮೊದಲು ಓದುವುದು ಆ ಸಣ್ಣಕ್ಷರಗಳನ್ನೇ. ಅಲ್ಲಿ 5 ವೋಲ್ಟಿಗೆ 30 ಆಂಪಿಯರ್ ಎಂದಿತ್ತು. ಅದರ ಕೆಳಗೆ, 5 ಮತ್ತು 3.3 ವೋಲ್ಟುಗಳೆರಡೂ ಕೂಡಿ ಇಷ್ಟು ವ್ಯಾಟಿಗೆ ಮೀರಬಾರದೆಂಬ ಇನ್ನೊಂದು ಕಟ್ಟಳೆಯಿತ್ತು.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು. ನಮ್ಮ ಪ್ರೊಸೆಸರುಗಳು ಒಂದೊಂದೂ ಪೂರ್ಣ ಭಾರದಲ್ಲಿ ಸುಮಾರು 66 ವ್ಯಾಟ್ ಬೇಡುವಂಥವು, ಎರಡಕ್ಕೆ 132. ಪ್ರೊಸೆಸರಿಗೆ ಬೇಕಾದ್ದು ಎರಡು ವೋಲ್ಟಿಗೂ ಕಡಮೆಯಾದ ಒತ್ತಡ; ಅದನ್ನು ಬೋರ್ಡಿನ ಮೇಲೆ ಪ್ರೊಸೆಸರಿನ ಪಕ್ಕದಲ್ಲಿಯೇ ಇರುವ ಪರಿವರ್ತಕಗಳು ಸಿದ್ಧಪಡಿಸಿ ಕೊಡುತ್ತವೆ. ಆ ಪರಿವರ್ತನೆಯಲ್ಲಿ ಐದರಲ್ಲಿ ಒಂದು ಪಾಲು ನಷ್ಟವಾಗುವುದೆಂದರೆ ಬೇಡಿಕೆ 160 ವ್ಯಾಟಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಟೈಗರ್ ಎಂಪಿ ಈ ಸಮಸ್ತವನ್ನೂ ಸೆಳೆಯುವುದು 5 ವೋಲ್ಟಿನ ತಂತಿಗಳಿಂದ. 160ನ್ನು 5ರಿಂದ ಭಾಗಿಸಿದರೆ 32 ಆಂಪಿಯರ್! ಮೆಮೊರಿ, ಡಿಸ್ಕು, ಕಾರ್ಡುಗಳ ಬೇಡಿಕೆ ಇನ್ನೂ ಇದಕ್ಕೆ ಸೇರಿಲ್ಲ. 400 ವ್ಯಾಟಿನ ಹಿರಿಮೆಯಲ್ಲಿ ಬಹುಪಾಲು ನಮಗೆ ಬೇಡವಾದ ತಂತಿಗಳಲ್ಲಿ ಹಂಚಿಹೋಗಿ, ಬೇಕಾದ ತಂತಿಯಲ್ಲಿ ಬರಗಾಲವಿದ್ದಿತು.

ಇನ್ನೊಂದು ಸೂಕ್ಷ್ಮವನ್ನೂ ಅವರು ಕಾಣಿಸಿದರು. ಆ 20 ಕಡ್ಡಿಗಳ ಕನೆಕ್ಟರಿನಲ್ಲಿ 5 ವೋಲ್ಟಿಗೆ ಮೀಸಲಾದ ಕೆಂಪು ತಂತಿಗಳು ನಾಲ್ಕೇ. 32 ಆಂಪಿಯರನ್ನು ನಾಲ್ಕಕ್ಕೆ ಹಂಚಿದರೆ ತಲೆಗೆ 8. ಕಡ್ಡಿಯೊಂದರ ಸಾಧಾರಣ ಮಿತಿಯಾದರೋ ಸುಮಾರು 6. ಯಂತ್ರವನ್ನು ಆರಿಸಿ ಕನೆಕ್ಟರನ್ನು ಬಿಡಿಸಿ ನೋಡಿದಾಗ ಕೆಂಪು ತಂತಿಗಳು ಕೂರುವ ಬಿಳಿಯ ಪ್ಲಾಸ್ಟಿಕ್ ಗೂಡುಗಳ ಅಂಚು ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು. ಮಿಕ್ಕ ಗೂಡುಗಳು ಹೊಸದರಂತೆ ಬೆಳ್ಳಗಿದ್ದವು. ತಂತಿಯಲ್ಲಿ ಹುಟ್ಟುವ ತಾಪ ಧಾರೆಯ ವರ್ಗಕ್ಕೆ ಅನುಗುಣವಾದುದು ಎಂಬ ನಿಯಮವನ್ನು ಪಾಠ ಹೇಳಿದವನೇ ನಾನೂ. ಅದು ಪ್ಲಾಸ್ಟಿಕ್ಕಿನ ಮೇಲೆ ಬರೆದ ಬರಹವನ್ನು ಅಷ್ಟು ಹತ್ತಿರದಿಂದ ಓದಿದ್ದು ಆಗಲೇ.

ಪೆಟ್ಟಿಗೆಯ ಒಳಗನ್ನೂ ನೋಡಿಯೇಬಿಡೋಣವೆಂದು ಅವರು ಮುಂದಾದರು. ಗೋಡೆಯ ಪ್ಲಗ್ ಕಿತ್ತ ಮೇಲೂ ಒಳಗಣ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕ ಒತ್ತಡ ಉಳಿದಿರಬಹುದಾದ್ದರಿಂದ, ಅರಿಯದವರು ಈ ಸಾಹಸಕ್ಕೆ ಕೈಹಾಕಲಾಗದು. ಅವರು ಬಹಳ ಹೊತ್ತು ಕಾದು, ಮುಚ್ಚಳ ತೆಗೆದು, ಕೆಪಾಸಿಟರಿನ ಎರಡು ತುದಿಗಳಿಗೆ ಬಲ್ಬೊಂದನ್ನು ಜೋಡಿಸಿ ಉಳಿದುದನ್ನು ಹರಿಯಗೊಟ್ಟು, ಮೀಟರಿನಲ್ಲಿ ಸೊನ್ನೆಯನ್ನು ಕಂಡ ತರುವಾಯವೇ ಬೆರಳಿಟ್ಟರು. ಗೋಡೆಯ 230 ವೋಲ್ಟನ್ನು ಮೊದಲು ನೇರಧಾರೆಯಾಗಿಸಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಸಣ್ಣದೊಂದು ಫೆರೈಟ್ ಟ್ರಾನ್ಸ್‌ಫಾರ್ಮರಿಗೆ ಉಣಿಸಿ, ಅದರಿಂದ ಬಂದುದನ್ನು ಪುನಃ ನೇರಗೊಳಿಸಿ, ಸುರುಳಿಗಳಿಂದಲೂ ಕೆಪಾಸಿಟರುಗಳಿಂದಲೂ ನಯಗೊಳಿಸಿ ಹೊರಬಿಡುವುದು ಈ ಯಂತ್ರದ ವಿಧಾನ. ನಮ್ಮ ಪೆಟ್ಟಿಗೆಯಲ್ಲಿ, ಗೋಡೆಯ ವಿದ್ಯುತ್ತು ಒಳಬರುವ ಬಾಗಿಲಿನಲ್ಲಿಯೇ ಇರಬೇಕಾದ ಶೋಧಕ ಸುರುಳಿಯ ಸ್ಥಾನ ಹಲಗೆಯ ಮೇಲೆ ಅಚ್ಚಾಗಿತ್ತು. ಸುರುಳಿಯ ಬದಲು ಎರಡು ತುಂಡು ತಂತಿಗಳನ್ನು ಬೆಸೆದಿದ್ದರು. ಉಷ್ಣವನ್ನು ಹೀರಬೇಕಾದ ಅಲ್ಯೂಮಿನಿಯಂ ತಗಡು ಬೆರಳಿಂದ ಮಣಿಯುವಷ್ಟು ತೆಳ್ಳಗಿತ್ತು. ಹೊರಹೋಗುವ ಕಡೆಯ ಕೆಪಾಸಿಟರುಗಳಲ್ಲಿ ಒಂದರ ನೆತ್ತಿ ಆಗಲೇ ಉಬ್ಬಿ, ಅಲ್ಲಿ ಕೊರೆದಿರುವ ಗೆರೆಗಳ ನಡುವೆ ಕಂದುಬಣ್ಣದ ಪಸೆ ಒಸರಿತ್ತು.

ಆ ಕಾಲದಲ್ಲಿ ಜಗತ್ತಿನ ಎಲ್ಲೆಡೆಯೂ ಕಳಪೆ ಕೆಪಾಸಿಟರುಗಳ ಪಿಡುಗು ಹಬ್ಬಿತ್ತು. ಒಳಗಣ ದ್ರವದ ಪಾಕ ಸರಿಯಿಲ್ಲದೆ ಅವು ಅಕಾಲದಲ್ಲಿ ಉಬ್ಬಿ ಒಡೆಯುತ್ತಿದ್ದವು. ಪಾಕ ಸರಿಯಿದ್ದರೂ ಇವುಗಳ ಆಯುಸ್ಸು ತಾಪದ ಅಧೀನ. ತಾಪ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಇಂಜಿನಿಯರುಗಳು ಒಪ್ಪಿದ ಸ್ಥೂಲ ಸೂತ್ರ. 85 ಡಿಗ್ರಿಗೆ ಹೇಳಿದ ಕೆಪಾಸಿಟರಿಗೂ 105 ಡಿಗ್ರಿಗೆ ಹೇಳಿದ ಕೆಪಾಸಿಟರಿಗೂ ಅಂಗಡಿಯಲ್ಲಿ ಕೆಲವೇ ರೂಪಾಯಿಗಳ ಅಂತರ; ಬಾಳಿನಲ್ಲಿ ವರ್ಷಗಳ ಅಂತರ. ಪೆಟ್ಟಿಗೆಯ ಮೇಲಣ ವ್ಯಾಟಿನ ಅಂಕಿಯೂ ಯಾವ ತಾಪದಲ್ಲಿ ಎಂಬ ಪ್ರಶ್ನೆಗೆ ಉತ್ತರ ಹೇಳದಿದ್ದರೆ ಅರ್ಥಹೀನವೇ. ತಂಪಾದ ಕೋಣೆಯ 25 ಡಿಗ್ರಿಯಲ್ಲಿ ಅಳೆದ ಸಾಮರ್ಥ್ಯ, ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಎರಡು ಪ್ರೊಸೆಸರುಗಳ ಬಿಸಿಯುಸಿರನ್ನೇ ಸೇವಿಸುತ್ತ ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕುಳಿತ ಪೆಟ್ಟಿಗೆಗೆ ದಕ್ಕದು.

ಇಷ್ಟನ್ನು ತಿಳಿದ ಮೇಲೆ ಎಸ್‌ಪಿ ರಸ್ತೆಗೆ ಹೋದೆ. ಸಾದರ್ ಪತ್ರಪ್ಪ ರಸ್ತೆ ಎಂಬ ಪೂರ್ಣನಾಮವನ್ನು ಬಹುತೇಕ ಮಂದಿ ಮರೆತಿರುವ ಆ ಇಕ್ಕಟ್ಟಾದ ಬೀದಿಯಲ್ಲಿ ಬೆಂಗಳೂರಿನ ಇಲೆಕ್ಟ್ರಾನಿಕ್ ವ್ಯಾಪಾರದ ಹೃದಯವಿದೆ. ಒಂದಾಳು ನಿಲ್ಲುವಷ್ಟೇ ಅಗಲದ ಮಳಿಗೆಯಲ್ಲಿ ಛಾವಣಿಯವರೆಗೆ ಕ್ಯಾಬಿನೆಟ್ಟುಗಳನ್ನು ಪೇರಿಸಿ, ಕಾಲುದಾರಿಯ ಮೇಲೆ ಕೇಬಲುಗಳ ಸಿಂಬೆಗಳನ್ನು ಹರಡಿ ಕುಳಿತ ವರ್ತಕರಲ್ಲಿ ಎಲ್ಲರೂ ವಸ್ತುವಿನ ಮರ್ಮ ತಿಳಿಯದವರಲ್ಲ. ಒಬ್ಬರು ‘ಬರ್ದಿದೆಯಲ್ಲ ಸಾರ್ 450 ವ್ಯಾಟು, ಇನ್ನೇನು ಬೇಕು?’ ಎಂದರು. ಪಕ್ಕದ ಅಂಗಡಿಯ ಹಿರಿಯ ವರ್ತಕರು ಮಾತ್ರ, ‘ಯಾವುದಕ್ಕೆ ಹಾಕ್ತೀರಿ ಸಾರ್? ಎರಡು ಪ್ರೊಸೆಸರ್‌ಗಾದರೆ ಇವು ಯಾವುವೂ ಬೇಡ. ಸುಮ್ಮನೆ ದುಡ್ಡು ದಂಡ’ ಎಂದು, ಎರಡು ಪೆಟ್ಟಿಗೆಗಳನ್ನು ನನ್ನ ಎರಡು ಕೈಗಳಲ್ಲಿಟ್ಟು ತೂಕ ನೋಡಹೇಳಿದರು. ಚೀಟಿಯ ಮೇಲೆ ಒಂದೇ ಅಂಕಿಯಿದ್ದರೂ ಒಂದು ಇನ್ನೊಂದರ ಅರ್ಧದಷ್ಟೂ ಭಾರವಿರಲಿಲ್ಲ. ತಾಮ್ರದ ಸುರುಳಿ, ಅಲ್ಯೂಮಿನಿಯಂ ತಗಡು, ದೊಡ್ಡ ಕೆಪಾಸಿಟರು ಇವುಗಳಿಗೆ ತೂಕವಿರದಿರುವುದು ಸಾಧ್ಯವಿಲ್ಲ. ತೂಕವೊಂದೇ ಪ್ರಮಾಣವಾಗಲಾರದಾದರೂ ಹಗುರವಾದ ಪೆಟ್ಟಿಗೆಯನ್ನು ಒಡನೆಯೇ ಕೆಳಗಿಡುವುದಕ್ಕೆ ಅಷ್ಟು ಸಾಕು. ತನಗೆ ಬರುವ ಲಾಭವನ್ನು ಬಿಟ್ಟು ಬೇಡವೆಂದು ಹೇಳಿದ ಆ ವರ್ತಕರ ಋಜುತ್ವವನ್ನು ನಾನು ಗೌರವದಿಂದ ನೆನೆಯುತ್ತೇನೆ.

ಆರಿಸುವ ಮುನ್ನ ವಿಚಾರಿಸಬೇಕಾದ ಇನ್ನೊಂದು ಪಕ್ಷವಿತ್ತು: ಪೆಟ್ಟಿಗೆಗೆ ನಾವು ಕೊಡುವ ವಿದ್ಯುತ್ತು ಎಂಥದು? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿಸಿದ ನಾಡು ನಮ್ಮದೆಂಬುದು ಹೆಮ್ಮೆಯ ಸಂಗತಿಯೇ. ಆದರೆ ಊರು ಬೆಳೆದಂತೆ ಸಂಜೆಯ ಹೊತ್ತು ದೂರದ ಕಂಬಗಳಿಗೆ ಕರೆಂಟು ತಲುಪುವಾಗ 230 ವೋಲ್ಟು 190ಕ್ಕೂ 180ಕ್ಕೂ ಕುಸಿಯುವುದು ಆ ದಿನಗಳಲ್ಲಿ ಅಪರೂಪವಾಗಿರಲಿಲ್ಲ. ಒತ್ತಡ ಇಳಿದಾಗ ಹಳೆಯ ಬಲ್ಬು ಮಂಕಾಗಿ ಕಡಮೆ ವಿದ್ಯುತ್ತನ್ನು ಸೆಳೆಯುತ್ತದೆ, ಎಸ್‌ಎಂಪಿಎಸ್ ಹಾಗಲ್ಲ. ಹೊರಗೆ ಕೊಡಬೇಕಾದ ಶಕ್ತಿ ಅಷ್ಟೇ ಇರುವುದರಿಂದ, ಒಳಗೆ ಒತ್ತಡ ಕುಗ್ಗಿದಷ್ಟೂ ಅದು ಹೆಚ್ಚು ಧಾರೆಯನ್ನು ಸೆಳೆದು ಹೆಚ್ಚು ಕಾಯುತ್ತದೆ. ದುರ್ಬಲವಾದ ಪೆಟ್ಟಿಗೆಗೆ ಸಂಜೆಯೇ ಕಠಿನ ಪರೀಕ್ಷೆಯ ಕಾಲ.

ಕರೆಂಟು ಹೋಗಿ ಯುಪಿಎಸ್ ಕೈಗೆತ್ತಿಕೊಳ್ಳುವ ಸಂಧಿಕಾಲದ ಕಥೆ ಇನ್ನೂ ಸೂಕ್ಷ್ಮವಾದುದು. ಸಾಧಾರಣ ಯುಪಿಎಸ್ಸಿಗೆ ಬ್ಯಾಟರಿಯ ಕಡೆ ತಿರುಗಲು ಕೆಲವು ಮಿಲಿಸೆಕೆಂಡುಗಳು ಹಿಡಿಯುತ್ತವೆ. ಆ ಅಂತರದಲ್ಲಿ ಯಂತ್ರ ಬದುಕುವುದು ಎಸ್‌ಎಂಪಿಎಸ್ ಒಳಗಣ ದೊಡ್ಡ ಕೆಪಾಸಿಟರುಗಳಲ್ಲಿ ಸಂಗ್ರಹವಾದ ಶಕ್ತಿಯಿಂದ. ಕಾಲುವೆಯ ನೀರು ನಿಂತರೂ ಕೆರೆಯಲ್ಲಿರುವಷ್ಟು ದಿನ ಗದ್ದೆಗೆ ತೂಬು ಹರಿಯುವಂತೆ. ಪೂರ್ಣಭಾರದಲ್ಲಿ ಸುಮಾರು 16–17 ಮಿಲಿಸೆಕೆಂಡು ತಾಳಬೇಕೆಂಬುದು ಎಟಿಎಕ್ಸ್ ವಿನ್ಯಾಸದ ಅಪೇಕ್ಷೆ. ಆದರೆ ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ; 230 ಇದ್ದದ್ದು 180 ಆದರೆ ಸಂಗ್ರಹ ನೂರಕ್ಕೆ 61ಕ್ಕೆ ಇಳಿಯುತ್ತದೆ. ತಯಾರಕನು ಕಾಸು ಉಳಿಸಲೆಂದು ಅರ್ಧ ಗಾತ್ರದ ಕೆಪಾಸಿಟರನ್ನು ಹಾಕಿದ್ದರೆ ಅದರಲ್ಲೂ ಅರ್ಧ. ಯುಪಿಎಸ್ ಇದ್ದೂ ಯಂತ್ರ ಮೊದಲಾಗುತ್ತಿದ್ದುದರ ರಹಸ್ಯ ಹೀಗೆ ತೆರೆಯಿತು. ಯುಪಿಎಸ್ಸಿನ ಗಾತ್ರದ ವಿಷಯದಲ್ಲಿಯೂ ಒಂದು ತಿಳಿವು ಬೇಕು: ಪವರ್ ಫ್ಯಾಕ್ಟರನ್ನು ತಿದ್ದಿಕೊಳ್ಳುವ ಅಂಗವಿಲ್ಲದ ಎಸ್‌ಎಂಪಿಎಸ್ ಗೋಡೆಯಿಂದ 300 ವ್ಯಾಟ್ ಸೆಳೆಯುವಾಗ ಯುಪಿಎಸ್ಸಿನ ಮೇಲೆ 450 ವಿಎಗೂ ಮಿಕ್ಕ ಭಾರ ಹೊರಿಸುತ್ತದೆಯಾದ್ದರಿಂದ, 500 ವಿಎ ಎಂಬ ಚೀಟಿಯನ್ನು ನಂಬಿ ನೆಮ್ಮದಿಯಾಗಿರುವಂತಿಲ್ಲ.

ಅರ್ತಿಂಗ್ ವಿಚಾರವನ್ನು ನಮ್ಮ ಹಿರಿಯ ಅಧ್ಯಾಪಕರೇ ಎತ್ತಿದರು. ನಮ್ಮ ಕೊಠಡಿಯ ಕ್ಯಾಬಿನೆಟ್ಟನ್ನು ಬೆರಳ ಬೆನ್ನಿಂದ ಸವರಿದರೆ ಇರುವೆ ಹರಿದಂತೆ ಝುಮ್ಮೆನ್ನುತ್ತಿತ್ತು. ಮೂರನೆಯ ಪಿನ್ನಿಗೆ ಭೂಮಿಯ ಸಂಬಂಧ ತಪ್ಪಿದಾಗ, ಒಳ್ಳೆಯ ಎಸ್‌ಎಂಪಿಎಸ್ಸಿನ ಶೋಧಕ ಕೆಪಾಸಿಟರುಗಳೇ ಗೋಡೆಯ ಒತ್ತಡದ ಅರ್ಧದಷ್ಟನ್ನು ಲೋಹದ ಮೈಗೆ ತಂದಿಡುತ್ತವೆ. ಧಾರೆ ಅತ್ಯಲ್ಪವಾದ್ದರಿಂದ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ, ಆದರೆ ಯಂತ್ರಕ್ಕೆ ಶಾಂತಿಯೂ ಇಲ್ಲ. ಪ್ರಯೋಗಶಾಲೆಯ ಇತರ ಯಂತ್ರಗಳಿಂದ ಅರ್ತಿಂಗ್ ಸಾಲಿಗೆ ಸೋರುತ್ತಿದ್ದುದೆಲ್ಲ ನಮ್ಮ ತಗಡಿನ ಮೈಗೂ ಬರುತ್ತಿತ್ತು. ಕಟ್ಟಡದ ಹಿಂದೆ ಹೊಸದೊಂದು ಗುಂಡಿ ತೋಡಿಸಿ, ಕಬ್ಬಿಣದ ಕೊಳವೆಯನ್ನಿಳಿಸಿ, ಇದ್ದಿಲನ್ನೂ ಉಪ್ಪನ್ನೂ ಒಂದರ ಮೇಲೊಂದು ಪದರವಾಗಿ ತುಂಬಿಸಿ, ಬೇಸಗೆಯಲ್ಲಿ ನೀರು ಹೊಯ್ಯುವ ವ್ಯವಸ್ಥೆ ಮಾಡಿದೆವು. ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಅಳೆದಾಗ ಎರಡು ವೋಲ್ಟಿಗೂ ಕಡಮೆ ಬಂದ ದಿನ ಹಿರಿಯರು ತಲೆದೂಗಿದರು. ಎಷ್ಟು ಬೆಲೆಯ ಎಸ್‌ಎಂಪಿಎಸ್ ತಂದರೂ ಅದರ ಶೋಧಕ ತನ್ನ ಕಶ್ಮಲವನ್ನು ಸುರಿಯಬೇಕಾದದ್ದು ಭೂಮಿಗೆ. ಆ ದಾರಿ ಮುಚ್ಚಿದ್ದರೆ ಬೆಲೆ ಕೊಟ್ಟದ್ದು ವ್ಯರ್ಥ.

ಕಡೆಗೆ ಆರಿಸಿದ ಘಟಕವನ್ನು ಹೊರನಾಡಿನಿಂದ ಮರಳುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಂದುಕೊಟ್ಟನು. ಅದರ ಮೇಲೆ ಬರೆದ ಒಟ್ಟು ವ್ಯಾಟ್ ನಮ್ಮ ಹಳೆಯ ಪೆಟ್ಟಿಗೆಗಿಂತ ಬಹಳ ಹೆಚ್ಚೇನೂ ಇರಲಿಲ್ಲ. ನಾನು ನೋಡಿದ್ದು 5 ವೋಲ್ಟಿನ ಸಾಲಿನಲ್ಲಿ 40 ಆಂಪಿಯರಿಗೂ ಮೇಲಾದ ಅಂಕಿಯನ್ನು, 5 ಮತ್ತು 3.3 ಕೂಡಿದಾಗಣ ಮಿತಿಯನ್ನು, ಸಾಮರ್ಥ್ಯವನ್ನು ಯಾವ ತಾಪದಲ್ಲಿ ಹೇಳಿದ್ದಾರೆಂಬುದನ್ನು, ಮತ್ತು ಒಂದೊಂದು ವೋಲ್ಟೇಜಿಗೂ ಪ್ರತ್ಯೇಕ ನಿಯಂತ್ರಣವುಂಟೆಂಬ ಪ್ರತಿಜ್ಞೆಯನ್ನು. ಬೇಡಿಕೆಗಿಂತ ಮೂರನೆಯ ಒಂದು ಪಾಲಾದರೂ ಹೆಚ್ಚಿನ ಅವಕಾಶವಿರಲಿ ಎಂಬುದು ಹಿರಿಯರ ಸೂಚನೆ. ಜೋಡಿಸಿ, ಎರಡೂ ಪ್ರೊಸೆಸರುಗಳಿಗೆ ಪೂರ್ಣ ಲೆಕ್ಕ ಕೊಟ್ಟು, ಕರೆಂಟಿನ ಒತ್ತಡ ಅತಿ ಕೆಳಗಿರುವ ಸಂಜೆಯ ಹೊತ್ತನ್ನೇ ಆರಿಸಿ ಅಳೆದೆವು: ಕೆಂಪು ತಂತಿ ಬೋರ್ಡಿನ ಬಳಿಯಲ್ಲಿ 4.94, ಹಳದಿ 12.1, ಸುಮ್ಮನಿದ್ದಾಗ ಇದ್ದಂತೆಯೇ. ಕನೆಕ್ಟರಿನ ಹೊಸ ಗೂಡುಗಳಲ್ಲಿ ಗಟ್ಟಿಯಾಗಿ ಹಿಡಿದ ಕಡ್ಡಿಗಳಿದ್ದುದರಿಂದ ತಾಪವೂ ಹದದಲ್ಲಿತ್ತು. ಅನಂತರ ಅದೇ ಏರಿಯ ಲೆಕ್ಕವನ್ನು ಮತ್ತೆ ಮತ್ತೆ ನಡೆಸಿ ಉತ್ತರಗಳನ್ನು ಅಂಕಿಗೆ ಅಂಕಿ ಹೋಲಿಸಿದೆ. ಕಡೆಯ ದಶಾಂಶ ಸ್ಥಾನದವರೆಗೂ ಒಂದೇ. ಆ ಹೊತ್ತು ನನಗಾದ ಸಂತೋಷವನ್ನು ಪ್ರಶಸ್ತಿ ಪುರಸ್ಕಾರಗಳೂ ಮುಂದೆ ಕೊಡಲಿಲ್ಲ.

ನಾವು ಅನುಭವಿಸಿದ ಸಂಕಟವನ್ನು ವಿನ್ಯಾಸಕಾರರೂ ಅರಿಯದವರಾಗಿರಲಿಲ್ಲ. 160 ವ್ಯಾಟನ್ನು 5 ವೋಲ್ಟಿನಲ್ಲಿ ಒಯ್ಯಲು 32 ಆಂಪಿಯರ್ ಬೇಕಾದರೆ 12 ವೋಲ್ಟಿನಲ್ಲಿ ಸುಮಾರು 13 ಸಾಕು. ಅದೇ ತಂತಿಯಲ್ಲಿ ಆಗುವ ನಷ್ಟ ಆರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. 2000ದಲ್ಲಿ ಪೆಂಟಿಯಂ 4 ಬಂದಾಗಲೇ ಪ್ರೊಸೆಸರಿಗೆಂದು 12 ವೋಲ್ಟಿನ ಪ್ರತ್ಯೇಕ ನಾಲ್ಕು ಕಡ್ಡಿಗಳ ಕನೆಕ್ಟರು ಬಂದಿತ್ತು. ಸರ್ವರುಗಳಿಗಾಗಿ ರೂಪಿತವಾದ ಇಪಿಎಸ್12ವಿ ಎಂಬ ಮಾದರಿ 24 ಕಡ್ಡಿಗಳ ಮುಖ್ಯ ಕನೆಕ್ಟರನ್ನೂ, ಪ್ರೊಸೆಸರುಗಳಿಗೆ ಎಂಟು ಕಡ್ಡಿಗಳ ಮತ್ತೊಂದನ್ನೂ ತಂದಿತು. 2003ರ ಎಟಿಎಕ್ಸ್12ವಿ 2.0 ನಿಯಮದಿಂದ ಸಾಮಾನ್ಯ ಯಂತ್ರಗಳಲ್ಲಿಯೂ 24 ಕಡ್ಡಿಗಳ ಕನೆಕ್ಟರು ನೆಲೆಗೊಂಡು, ಭಾರವೆಲ್ಲ 12 ವೋಲ್ಟಿನ ಹೆಗಲಿಗೆ ದಾಟಿತು. 2004ರಲ್ಲಿ ಆರಂಭವಾದ 80 ಪ್ಲಸ್ ಯೋಜನೆ ತಯಾರಕರು ಹೇಳಿದ್ದನ್ನು ಬೇರೆಯವರು ಅಳೆದು ನೋಡುವ ಪದ್ಧತಿಯನ್ನು ರೂಢಿಗೆ ತಂದಿತು. ಇಂದು ಎರಡು ಪ್ರೊಸೆಸರುಗಳ ಯಂತ್ರ ಕಟ್ಟುವವರು 5 ವೋಲ್ಟಿನ ಸಾಲನ್ನು ನೋಡಬೇಕಾಗಿಲ್ಲ. 12 ವೋಲ್ಟಿನ ಸಾಲನ್ನೂ, ಪ್ರೊಸೆಸರಿನ ಎಂಟು ಕಡ್ಡಿಗಳ ಕನೆಕ್ಟರುಗಳು ಎರಡಿವೆಯೇ ಎಂಬುದನ್ನೂ ನೋಡಬೇಕು. ಭಾರ ಹೊರುವ ತಂತಿ ಬದಲಾಯಿತು; ಪ್ರಶ್ನೆಗಳು ಬದಲಾಗಲಿಲ್ಲ.

ಆ ಪ್ರಶ್ನೆಗಳನ್ನು ನಾನು ಮುಂದೆ ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ಬರೆಸುತ್ತಿದ್ದೆ: ಎಷ್ಟು ಎಂದು ಕೇಳುವುದಕ್ಕೆ ಮೊದಲು ಯಾವ ತಂತಿಯಲ್ಲಿ ಎಂದು ಕೇಳಿ; ಯಾವ ತಾಪದಲ್ಲಿ ಎಂದು ಕೇಳಿ; ಎಷ್ಟು ಹೊತ್ತು ಎಂದು ಕೇಳಿ; ಮತ್ತು ಉತ್ತರವನ್ನು ಭಾರ ಹೊರಿಸಿ ಅಳೆದಲ್ಲದೆ ಒಪ್ಪಬೇಡಿ. ಸಾಮರ್ಥ್ಯವೆಂಬುದು ಒಂದೇ ಅಂಕಿಯಲ್ಲಿ ಅಡಕವಾಗುವ ಗುಣವಲ್ಲ. ಬೇಕಾದ ಸ್ಥಾನದಲ್ಲಿ, ಬೇಕಾದ ಹೊತ್ತಿನಲ್ಲಿ, ಪ್ರತಿಕೂಲ ಸನ್ನಿವೇಶದಲ್ಲಿಯೂ ಕದಲದೆ ನಿಲ್ಲುವುದರಲ್ಲಿ ಅದರ ಸತ್ತ್ವವಿದೆ. ವಿಶ್ವಾಸಾರ್ಹತೆ ಚೀಟಿಯ ಮೇಲಿಂದ ಓದಿಕೊಳ್ಳುವಂಥದಲ್ಲ, ಪರೀಕ್ಷೆಯಿಂದ ಪಡೆದುಕೊಳ್ಳುವಂಥದು.

ಸಿವಿಲ್ ಇಂಜಿನಿಯರನಿಗೆ ಇದೆಲ್ಲ ಏಕೆಂದು ಕೆಲವು ಸಹೋದ್ಯೋಗಿಗಳು ಕೇಳಿದ್ದುಂಟು. ಅವರಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿಯೂ ಹೇಳುತ್ತೇನೆ. ಏರಿ ಭದ್ರವಾಗಿದೆಯೆಂಬ ವರದಿಯ ಕೆಳಗೆ ಸಹಿ ಹಾಕುವವನು ಯಂತ್ರವಲ್ಲ, ಇಂಜಿನಿಯರು. ಆ ಸಹಿಯನ್ನು ನಂಬಿ ಏರಿಯ ಕೆಳಗಣ ಊರಿನವರು ಗದ್ದೆ ಮನೆ ಮಾಡಿಕೊಂಡು ಬಾಳುತ್ತಾರೆ. ಮಣ್ಣಿನ ಗುಣವನ್ನು ಪರೀಕ್ಷಿಸದೆ ಅವನು ಸಹಿ ಹಾಕುವುದಿಲ್ಲ. ಸೂತ್ರವನ್ನು ಪರಿಶೀಲಿಸದೆ ಹಾಕುವುದಿಲ್ಲ. ಆ ಸೂತ್ರಕ್ಕೆ ಅಂಕಿ ತುಂಬಿ ಉತ್ತರ ತೆಗೆದ ಯಂತ್ರಕ್ಕೆ ಶುದ್ಧವಾದ ವಿದ್ಯುತ್ತು ದೊರೆಯಿತೇ ಎಂಬುದನ್ನು ಮಾತ್ರ ಅವನು ಇತರರಿಗೆ ಬಿಟ್ಟು ನಿಶ್ಚಿಂತನಾಗಿರುವುದು ಹೇಗೆ? ಉತ್ತರದ ಹೊಣೆ ಯಾರದೋ, ಉತ್ತರಕ್ಕೆ ಆಧಾರವಾದ ಪ್ರತಿಯೊಂದನ್ನೂ ಅಳೆದು ನೋಡುವ ಹೊಣೆಯೂ ಅವರದೇ.